ಲೈಟ್ ಹತ್ತಿತ್ತು, ಚಕ್ರ ತಿರುಗಲಿಲ್ಲ

ಭಾಗ 1/8

ಫೋಟೋದಲ್ಲಿ ಮುಂದಿನ ಚಕ್ರದ ಮಧ್ಯೆ ಒಂದು ಸಣ್ಣ ಡಯಲ್ ಕಾಣ್ತಾ ಇದೆಯಲ್ಲ, ಕಾಫಿ ಲೋಟದ ಬಾಯಿಯಷ್ಟು ಅಗಲ, ಅದರ ಮೇಲೆ "ಫ್ರೀ", "ಲಾಕ್" ಅಂತ ಬರೆದಿದೆ. ಈ ಎಂಟು ಪೋಸ್ಟ್ ಪೂರ್ತಿ ಆ ಡಯಲ್ ಬಗ್ಗೆನೇ. ಬೋರ್ ಆಗುತ್ತೆ ಅನ್ನೋರು ಈಗಲೇ ಮುಂದೆ ಹೋಗಿ, ಬೇಜಾರಿಲ್ಲ. ಮನೆಯಲ್ಲಿ ಫೋರ್ ಬೈ ಫೋರ್ ಪಿಕಪ್ ಇರೋರು, ತಗೋಬೇಕು ಅಂತಿರೋರು ಸ್ವಲ್ಪ ನಿಲ್ಲಿ.

ನಮ್ಮ ತೋಟ ಗುಬ್ಬಿ ಕಡೆ, ತೆಂಗು, ಅಡಿಕೆ. ಅಮ್ಮನ ತವರು ಕುಣಿಗಲ್ ಕಡೆ, ಕೆರೆ ಅಚ್ಚುಕಟ್ಟಿನಲ್ಲಿ. (ಹೇಮಾವತಿ ನೀರಿನ ಮಾತು ಬಂದ್ರೆ ನಮ್ಮನೇಲಿ ಅಪ್ಪ ಒಂದು ಪಕ್ಷ, ಮಾವ ಇನ್ನೊಂದು ಪಕ್ಷ. ಅದು ಇಲ್ಲಿ ಬೇಡ.) ಅಪ್ಪ ಸೆಕೆಂಡ್ ಹ್ಯಾಂಡ್ ಪಿಕಪ್‌ನಲ್ಲಿ ಎರಡೂ ಕಡೆಯಿಂದ ಎಳನೀರು ತುಂಬಿಸ್ಕೊಂಡು ಬರ್ತಾರೆ. ನಾನು ತುಮಕೂರಿನಲ್ಲಿ ಬಿ.ಕಾಂ. ಓದ್ತಾ ಇದ್ದೀನಿ.

ಹೋದ ಹಿಂಗಾರು ಮಳೆಯಲ್ಲಿ ಒಂದು ರಾತ್ರಿ. ಕೋಡಿ ನೀರು ಹರಿದು ತೋಟದ ದಾರಿ ಕೆಸರು ಗದ್ದೆ ಆಗಿತ್ತು. ಲೋಡ್ ಆಗಿದೆ, ಬೆಳಗ್ಗೆ ಐದಕ್ಕೆ ಕಾಯಿ ಬೆಂಗಳೂರಿನಲ್ಲಿರಬೇಕು. ಅಪ್ಪ ಒಬ್ಬರೇ. ಲಿವರ್ ಎಳೆದು 4ಎಚ್ ಹಾಕಿದ್ರು, ಡ್ಯಾಶ್‌ಬೋರ್ಡ್‌ನಲ್ಲಿ ಫೋರ್ ವೀಲ್ ಲೈಟ್ ಹತ್ತಿತು. ಆದ್ರೆ ಹಿಂದಿನ ಚಕ್ರ ಮಾತ್ರ ಗಿರಗಿರ ಅಂತ ಕೆಸರು ಎರಚ್ತು. ಮುಂದಿನ ಚಕ್ರ ಅಲ್ಲಾಡ್ಲಿಲ್ಲ. ಆಕ್ಸಿಲರೇಟರ್ ತುಳಿದಷ್ಟೂ ಗಾಡಿ ಕೂತ್ಕೊಳ್ತು. ಅದರ ಮೇಲೆ ಫೋನಿಗೆ ನೆಟ್‌ವರ್ಕ್ ಇಲ್ಲ. ಮಳೆಯಲ್ಲಿ ಊರಿಗೆ ನಡ್ಕೊಂಡು ಹೋಗಿ ಟ್ರ್ಯಾಕ್ಟರ್ ಕರ್ಕೊಂಡು ಬರೋ ಹೊತ್ತಿಗೆ ಹನ್ನೊಂದೂವರೆ.

ಮರುದಿನ ಅಪ್ಪ ಹೇಳಿದ ಮಾತು ಒಂದೇ: "ಲೈಟ್ ಹತ್ತಿತ್ತು ಕಣೋ ಮಗಾ. ನಾನು ಲೈಟ್ ನಂಬ್ದೆ."

ಆ ಮಾತಿಗೋಸ್ಕರವೇ ಇದನ್ನ ಬರೀತಾ ಇದ್ದೀನಿ.

ಭಾಗ 2/8

ಲೈಟ್ ಸುಳ್ಳು ಹೇಳ್ತಾ? ಇಲ್ಲ. ಅದು ತನಗೆ ಗೊತ್ತಿದ್ದಷ್ಟು ಹೇಳ್ತು. ನಮಗೆ ಅರ್ಥ ಆಗಿರಲಿಲ್ಲ, ಅಷ್ಟೇ.

ಪಾರ್ಟ್ ಟೈಮ್ ಫೋರ್ ವೀಲ್ ಗಾಡಿಯಲ್ಲಿ ಇಂಜಿನ್ನಿನ ಶಕ್ತಿ ಮುಂದಿನ ಚಕ್ರಕ್ಕೆ ಹೋಗೋ ದಾರಿ ಇದು: ಗೇರ್‌ಬಾಕ್ಸ್, ಆಮೇಲೆ ಟ್ರಾನ್ಸ್‌ಫರ್ ಕೇಸ್, ಅಲ್ಲಿಂದ ಮುಂದಿನ ಪ್ರೊಪೆಲ್ಲರ್ ಶಾಫ್ಟ್, ಮುಂದಿನ ಡಿಫರೆನ್ಷಿಯಲ್, ಎಡಕ್ಕೊಂದು ಬಲಕ್ಕೊಂದು ಆಕ್ಸಲ್ ಶಾಫ್ಟ್, ಕೊನೆಗೆ ಹಬ್. ಹಬ್‌ನಲ್ಲೇ ಶಾಫ್ಟ್ ಮತ್ತು ಚಕ್ರ ಕೈ ಹಿಡ್ಕೊಳ್ಳೋದು. ಹಿಡ್ಕೊಂಡ್ರೆ ಲಾಕ್, ಬಿಟ್ರೆ ಫ್ರೀ.

ಲಿವರ್ ಎಳೆದ್ರೆ ಟ್ರಾನ್ಸ್‌ಫರ್ ಕೇಸ್ ಸೇರಿಕೊಳ್ಳುತ್ತೆ. ನಮ್ಮ ಗಾಡಿಯ ಲೈಟು ಹೇಳೋದು ಅಲ್ಲಿಯ ಸುದ್ದಿ ಮಾತ್ರ. ಚಕ್ರದ ಹತ್ತಿರ ಹಬ್ ಕೈ ಹಿಡ್ಕೊಂಡಿದೆಯೋ ಇಲ್ವೋ ಅನ್ನೋದು ಅದಕ್ಕೆ ಗೊತ್ತಿಲ್ಲ. ಪಂಪ್‌ಸೆಟ್ ಸ್ಟಾರ್ಟರ್ ಆನ್ ಆಗಿದೆ ಅಂದ ಮಾತ್ರಕ್ಕೆ ಪೈಪಿನ ಬಾಯಲ್ಲಿ ನೀರು ಬರ್ತಿದೆ ಅಂತ ಹೇಳೋಕಾಗುತ್ತಾ? ಅದೇ ಥರ.

ಇನ್ನೊಂದು ವಿಷಯ ನನಗೆ ಆಮೇಲೆ ತಿಳಿದದ್ದು. ನಮ್ಮ ಗಾಡಿಯಲ್ಲಿ ಎಡಗಡೆ ಹಬ್ ಒಂದೇ ಕೈ ಕೊಟ್ಟಿದ್ದು, ಬಲಗಡೆದು ಚೆನ್ನಾಗೇ ಇತ್ತು. ಹಾಗಾದ್ರೆ ಬಲಗಡೆ ಚಕ್ರ ಆದ್ರೂ ಎಳೀಬೇಕಿತ್ತಲ್ಲ? ಎಳೆಯಲ್ಲ. ಮಾಮೂಲಿ ಡಿಫರೆನ್ಷಿಯಲ್ ಯಾವ ಕಡೆ ಸಲೀಸೋ ಆ ಕಡೆಗೆ ತಿರುಗುತ್ತೆ. ಎಡಗಡೆ ಶಾಫ್ಟ್ ಭಾರವೇ ಇಲ್ಲದೆ ಖಾಲಿ ತಿರುಗ್ತಿದ್ರೆ, ಬಲಗಡೆ ಚಕ್ರಕ್ಕೆ ಬಲವೇ ಬರಲ್ಲ. ಅಂದ್ರೆ ಒಂದು ಹಬ್ ಕೆಟ್ಟರೆ ಮುಂದಿನ ಎರಡೂ ಚಕ್ರ ಸೊನ್ನೆ. ದುಡ್ಡು ಕೊಟ್ಟು ತಗೊಂಡಿದ್ದ ಫೋರ್ ವೀಲ್ ಆ ರಾತ್ರಿ ಟೂ ವೀಲ್ ಆಗಿತ್ತು.

ಭಾಗ 3/8

ಅಂತರಸನಹಳ್ಳಿ ಕಡೆ ಒಬ್ಬ ಅಣ್ಣ ಗಾಡಿ ಬಿಚ್ಚಿದ್ರು. ನಮ್ಮದು ಆಟೋ ಲಾಕಿಂಗ್ ಹಬ್. ಲಿವರ್ ಎಳೆದು ಗಾಡಿ ಸ್ವಲ್ಪ ಚಲಿಸಿದ್ರೆ, ಶಾಫ್ಟ್ ತಿರುಗೋ ಬಲಕ್ಕೆ ಒಳಗಿನ ಕ್ಯಾಮ್ ಜಾರಿ ಹಲ್ಲು ತಾನಾಗೇ ಕಚ್ಚಿಕೊಳ್ಳುತ್ತೆ. ಬಿಡಿಸೋಕೆ 2ಎಚ್‌ಗೆ ತಂದು ಒಂದೆರಡು ಮೀಟರ್ ರಿವರ್ಸ್ ಹೋಗಬೇಕು. ಕೆಳಗೆ ಇಳಿಯೋ ಕೆಲಸವೇ ಇಲ್ಲ.

ಚೆನ್ನಾಗಿದ್ದಾಗ ಇದಕ್ಕಿಂತ ಸುಖ ಇಲ್ಲ, ಒಪ್ತೀನಿ. ಆದ್ರೆ ಒಳಗೆ ಸಣ್ಣ ಸಣ್ಣ ಸ್ಪ್ರಿಂಗು, ಉಜ್ಜೋ ಭಾಗಗಳು ಇರ್ತವೆ. ಗ್ರೀಸ್ ಒಣಗಿದ್ರೆ, ಕೆಸರು ನೀರು ನುಗ್ಗಿದ್ರೆ, ಕ್ಯಾಮ್ ಜಾರಲ್ಲ. ನಮ್ಮದರಲ್ಲಿ ಗ್ರೀಸು ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕೂತಿತ್ತು. ಜೊತೆಗೆ ತುಕ್ಕು.

ನಾನು ಕಂಪನಿನ ಬೈಯೋಕೆ ರೆಡಿ ಇದ್ದೆ. ಅಣ್ಣ ಕೇಳಿದ್ರು: "ಗಾಡಿ ತಗೊಂಡ ಮೇಲೆ ಈ ಹಬ್ ಯಾವತ್ತಾದ್ರೂ ಬಿಚ್ಚಿ ಗ್ರೀಸ್ ಹಾಕ್ಸಿದ್ದೀರಾ?" ಅಪ್ಪ ನನ್ನ ಮುಖ ನೋಡಿದ್ರು, ನಾನು ಅಪ್ಪನ ಮುಖ ನೋಡಿದೆ. ಇಲ್ಲ. ರಿವರ್ಸ್ ಹೋಗಿ ಬಿಡಿಸಬೇಕು ಅನ್ನೋದೂ ಅಪ್ಪನಿಗೆ ಗೊತ್ತಿರಲಿಲ್ಲ. ಮಾರಿದವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಅದನ್ನ ಬಿಟ್ಟು ಬರೆದ್ರೆ ಮೋಸ ಆಗುತ್ತೆ.

ಮುಂದೆ ಮೂರು ದಾರಿ ಇತ್ತು. ಒಂದು, ಹೊಸ ಆಟೋ ಹಬ್ ಜೋಡಿ. ಎರಡು, ಫ್ರೀ ಆಗೋ ವ್ಯವಸ್ಥೆಯೇ ಇಲ್ಲದ ಫ್ಲ್ಯಾಂಜ್ ಹಾಕಿ ಕಾಯಂ ಲಾಕ್ ಮಾಡೋದು. ಆಗ ಕೆಟ್ಟುಹೋಗೋ ಪ್ರಶ್ನೆಯೇ ಇಲ್ಲ, ಆದ್ರೆ ಟಾರ್ ರೋಡಲ್ಲೂ ಮುಂದಿನ ಶಾಫ್ಟು, ಡಿಫರೆನ್ಷಿಯಲ್ಲು ಎಲ್ಲಾ ಸುಮ್ಮನೆ ತಿರುಗಿ ಸವೀತವೆ. ಮೂರು, ಮ್ಯಾನುವಲ್ ಲಾಕಿಂಗ್ ಹಬ್. ಬೇಕಾದಾಗ ಇಳಿದು ಕೈಯಲ್ಲಿ ಡಯಲ್ ತಿರುಗಿಸೋದು.

ನನ್ನ ಅಭಿಪ್ರಾಯ ಮೂರನೆಯದು. ಯಾಕೆ ಅಂತ ಮುಂದೆ.

ಭಾಗ 4/8

"ಲೋ, ಎಲ್ಲಾ ಆಟೋಮ್ಯಾಟಿಕ್ ಕಡೆ ಹೋಗ್ತಿರೋವಾಗ ನೀನು ಹಿಂದಕ್ಕೆ ಹೋಗ್ತಿದ್ದೀಯಲ್ಲೋ." ಸ್ಟೋರಿ ಹಾಕಿದಾಗ ಬಂದ ಮೊದಲ ಮೆಸೇಜ್ ಇದು.

ಹಳೇ ಸಾಮಾನು ನಿಜ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸೇನೆಯ ಜೀಪುಗಳು ರಾಶಿ ರಾಶಿ ಉಳಿದವು. ರೈತರು, ಸಣ್ಣ ವ್ಯಾಪಾರಿಗಳು ತಗೊಂಡ್ರು. ಆದ್ರೆ ಅವು ಯುದ್ಧದ ಗಾಡಿಗಳು, ರೋಡಲ್ಲಿ ಓಡಿಸಿದ್ರೆ ಮುಂದಿನ ಆಕ್ಸಲ್ ಸುಮ್ಮನೆ ತಿರುಗ್ತಾ ಇರ್ತಿತ್ತು. ಆರ್ಥರ್ ವಾರ್ನ್ ಅನ್ನೋರು 1948ರಲ್ಲಿ ಶುರು ಮಾಡಿದ ಕಂಪನಿ ಇದಕ್ಕೇ ಲಾಕಿಂಗ್ ಹಬ್ ಮಾಡಿ ಮಾರಿತು. ಇವತ್ತು ವಿಂಚ್‌ಗೆ ಹೆಸರಾಗಿರೋ ಅದೇ ವಾರ್ನ್. ಅಂದ್ರೆ ಈ ಡಯಲ್ ಹುಟ್ಟಿದ್ದೇ ಯುದ್ಧದ ಗಾಡಿನ ದುಡಿಯೋ ಗಾಡಿ ಮಾಡೋಕೆ. ಅದೇ ವಿಲ್ಲೀಸ್ ಜೀಪನ್ನ ಮಹೀಂದ್ರ ನಮ್ಮ ದೇಶದಲ್ಲಿ ಜೋಡಿಸೋಕೆ ಶುರು ಮಾಡಿದ್ದು. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಎಲ್ಲಾ ಫೋರ್ ವೀಲ್ ಗಾಡಿಗೂ "ಜೀಪು" ಅಂತಲೇ ಹೆಸರು.

ಎಪ್ಪತ್ತು ವರ್ಷ ದಾಟಿದ್ರೂ ಇನ್ನೂ ಮಾರಾಟ ಆಗ್ತಿದೆ ಅಂದ್ರೆ ಕಾರಣ ಇದೆ. ಒಳಗೆ ಇರೋದು ಒಂದು ಹಲ್ಲಿನ ರಿಂಗು, ಸ್ಪ್ರಿಂಗು, ಡಯಲ್ಲು. ಕೆಡೋ ಭಾಗ ಕಡಿಮೆ. ಅದಕ್ಕಿಂತ ಮುಖ್ಯ, ಲಾಕ್ ಆಗಿದೆಯೋ ಇಲ್ವೋ ಅನ್ನೋದು ಟಾರ್ಚ್ ಹಿಡಿದ್ರೆ ಕಣ್ಣಿಗೆ ಕಾಣುತ್ತೆ. ಇಳಿಜಾರಿನಲ್ಲಿ ಕಾಲು ತೆಗೆದಾಗ, ರಿವರ್ಸ್ ಮುಂದೆ ರಿವರ್ಸ್ ಮುಂದೆ ಅಂತ ಒದ್ದಾಡುವಾಗ ಆಟೋ ಹಬ್‌ನ ಹಲ್ಲು ಬಿಟ್ಟು ಮತ್ತೆ ಕಚ್ಚೋ ಸಾಧ್ಯತೆ ಇರುತ್ತೆ. ಮ್ಯಾನುವಲ್‌ನಲ್ಲಿ ನೀವು ಬಿಡಿಸೋವರೆಗೂ ಬಿಡಲ್ಲ.

ಒಂದು ಎಚ್ಚರಿಕೆ: ಈಗಿನ ಎಷ್ಟೋ ಹೊಸ ಫೋರ್ ಬೈ ಫೋರ್‌ಗಳಲ್ಲಿ ಚಕ್ರದ ಹತ್ತಿರ ಹಬ್ ಲಾಕ್ ಅನ್ನೋದೇ ಇರಲ್ಲ. ಅದಕ್ಕೆ ಈ ಸರಣಿ ಅನ್ವಯಿಸಲ್ಲ. ಮೊದಲು ನಿಮ್ಮ ಗಾಡಿಯಲ್ಲಿ ಏನಿದೆ ಅಂತ ನೋಡಿ.

ಭಾಗ 5/8

ಈಗ ಲೆಕ್ಕ. ಬಿ.ಕಾಂ. ಓದಿ ಇಷ್ಟೂ ಮಾಡದಿದ್ರೆ ಫೀಸ್ ಕಟ್ಟಿದ ಅಪ್ಪನಿಗೆ ಏನು ಉತ್ತರ ಕೊಡ್ಲಿ?

ನಮಗೆ ಬಿದ್ದ ಖರ್ಚು: ಮ್ಯಾನುವಲ್ ಹಬ್ ಜೋಡಿ 14,500 ರೂ. ಹೇಗೂ ಬಿಚ್ಚಿದ್ದೀವಿ ಅಂತ ವೀಲ್ ಬೇರಿಂಗು, ಸೀಲು, ಗ್ರೀಸು 3,200. ಕೂಲಿ 2,500. ಒಟ್ಟು 20,200. ಹೊಸ ಆಟೋ ಹಬ್‌ಗೆ ಹೇಳಿದ ರೇಟು ಇದಕ್ಕಿಂತ ಜಾಸ್ತಿ ಇತ್ತು.

ಉಳಿಯೋದೇನು? ವರ್ಷಕ್ಕೆ ಸುಮಾರು ನಾಲ್ಕು ಸಲ ಟ್ರ್ಯಾಕ್ಟರ್ ಕರೆಸ್ತಿದ್ವಿ, ಸಲಕ್ಕೆ 1,500. ಅಂದ್ರೆ 6,000. ಬರೀ ಇದನ್ನ ಹಿಡಿದ್ರೆ ಹಾಕಿದ ದುಡ್ಡು ವಾಪಸ್ ಬರೋಕೆ ಮೂರು ವರ್ಷ ನಾಲ್ಕು ತಿಂಗಳು. ಲೋಡ್ ತಪ್ಪಿ ಕಡಿಮೆ ರೇಟಿಗೆ ಕಾಯಿ ಕೊಟ್ಟಿದ್ದು ಹೋದ ವರ್ಷ ಒಂದು ಸಲ, ಅದರಲ್ಲಿ 6,000 ಹೋಯ್ತು. ಅದೂ ಸೇರಿಸಿದ್ರೆ ವರ್ಷಕ್ಕೆ 12,000, ಒಂದು ವರ್ಷ ಎಂಟು ತಿಂಗಳಲ್ಲಿ ವಾಪಸ್.

ಡೀಸೆಲ್ ಉಳಿತಾಯ ಅಂತ ನಾನು ಒಂದು ರೂಪಾಯಿಯೂ ಬರೆದಿಲ್ಲ. ರೀಲ್ಸ್‌ನಲ್ಲಿ "ಮ್ಯಾನುವಲ್ ಹಬ್ ಹಾಕ್ಸಿ, ಮೈಲೇಜ್ ಹೆಚ್ಚಿಸಿ" ಅಂತಾರಲ್ಲ, ಅದನ್ನ ಬಿಡಿಸಿ ಕೇಳಿ. ಮೊದಲು ಕಾಯಂ ಲಾಕ್ ಫ್ಲ್ಯಾಂಜ್ ಇದ್ದ ಗಾಡಿಗೆ ಸ್ವಲ್ಪ ಉಳಿಯಬಹುದು. ಆಟೋ ಹಬ್ ಚೆನ್ನಾಗಿದ್ದ ಗಾಡಿಯಲ್ಲಿ 2ಎಚ್‌ನಲ್ಲಿ ಅದೂ ಫ್ರೀನೇ, ಇದೂ ಫ್ರೀನೇ. ಉಳಿಯೋದು ಎಲ್ಲಿಂದ?

ಆದ್ರಿಂದ ಪ್ರಾಮಾಣಿಕವಾಗಿ ಹೇಳ್ಬೇಕು ಅಂದ್ರೆ, ಕಾಗದದ ಮೇಲೆ ಇದು ಭಾರೀ ಲಾಭದ ವ್ಯವಹಾರ ಏನಲ್ಲ. ವರ್ಷಕ್ಕೆ ಒಂದೇ ಸಲ ಸಿಕ್ಕಿಬೀಳೋರು ಟ್ರ್ಯಾಕ್ಟರ್‌ಗೆ ದುಡ್ಡು ಕೊಟ್ಟು ಸುಮ್ಮನಿರಿ. ಆದ್ರೆ ಒಂದು ಐಟಂ ನನ್ನ ಲೆಡ್ಜರ್‌ನಲ್ಲಿ ಎಲ್ಲಿ ಬರೀಬೇಕೋ ತಿಳೀಲಿಲ್ಲ: ರಾತ್ರಿ ಹನ್ನೊಂದೂವರೆಗೆ, ಮಳೆಯಲ್ಲಿ, ಐವತ್ತೈದು ವರ್ಷದ ಅಪ್ಪ ಒಬ್ಬರೇ ಕತ್ತಲಲ್ಲಿ ನಡ್ಕೊಂಡು ಹೋಗಿದ್ದು. ಅದನ್ನ ಯಾವ ಕಾಲಂಗೆ ಹಾಕೋದು? ನಿರ್ಧಾರ ಮಾಡಿದ್ದು ಆ ಐಟಂ.

ಭಾಗ 6/8

ಇದು ಸ್ವಲ್ಪ ಖಾರ ಆಗಬಹುದು. ನನ್ನ ಫ್ರೆಂಡ್ಸೇ ಓದ್ತೀರ, ಗೊತ್ತು.

ಅಪ್‌ಗ್ರೇಡ್ ಅಂದ ತಕ್ಷಣ ನಮ್ಮ ವಯಸ್ಸಿನವರ ತಲೆಗೆ ಬರೋದು ಏನು? ದಪ್ಪ ಟೈರು, ಎತ್ತರ ಮಾಡೋ ಲಿಫ್ಟ್ ಕಿಟ್ಟು, ಮೇಲೆ ಸಾಲು ಎಲ್‌ಇಡಿ, ಮುಂದೆ ಕಬ್ಬಿಣದ ಬಂಪರ್. ಭಾನುವಾರ ದೇವರಾಯನದುರ್ಗ, ಒಂದು ರೀಲು, ಮುಗೀತು. ದುರ್ಗಕ್ಕೆ ಹೋಗೋ ರಸ್ತೆ ಟಾರು. ಒಣ ಟಾರ್ ಮೇಲೆ 4ಎಚ್ ಹಾಕಿ ತಿರುವು ಹೊಡೆದ್ರೆ ಗಾಡಿಗೆ ಹಿಂಸೆ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ದೂರ ಓಡ್ತವೆ. ಪಾರ್ಟ್ ಟೈಮ್ ಸಿಸ್ಟಂನಲ್ಲಿ ಆ ವ್ಯತ್ಯಾಸ ಸರಿದೂಗಿಸೋಕೆ ಮಧ್ಯೆ ಡಿಫರೆನ್ಷಿಯಲ್ ಇಲ್ಲ. ಕೆಸರಲ್ಲಿ ಚಕ್ರ ಸ್ವಲ್ಪ ಜಾರಿ ಸರಿ ಮಾಡ್ಕೊಳ್ಳುತ್ತೆ, ಟಾರ್ ಮೇಲೆ ಜಾರಲ್ಲ, ಆ ಒತ್ತಡ ಎಲ್ಲಾ ಟ್ರಾನ್ಸ್‌ಫರ್ ಕೇಸಿಗೆ ಮತ್ತು ಶಾಫ್ಟ್‌ಗಳಿಗೆ. ಇನ್ನು ರೋಡು ಬಿಟ್ಟು ಕಾಡಿನೊಳಗೆ ನುಗ್ಗಿಸೋರ ಬಗ್ಗೆ ಮಾತೇ ಬೇಡ, ಅದು ಅರಣ್ಯ, ನಮ್ಮ ಆಟದ ಮೈದಾನ ಅಲ್ಲ.

ಕಾನೂನೂ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷ ಬಂದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಬದಲಾವಣೆ ಒಂದೊಂದಕ್ಕೂ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತಿದೆ. ಹೊರಗಿಂದ ತಂದು ಬಿಡಿಭಾಗ ಹಾಕ್ಸೋದೂ ಆ ಸೆಕ್ಷನ್ನಿನ ಮಾತಿನೊಳಗೆ ಬರುತ್ತೆ. ಆದ್ರಿಂದ ಹಬ್ ಆದ್ರೂ ಸರಿ, ಹಾಕ್ಸೋ ಮುಂಚೆ ಆರ್‌ಟಿಒ ಮತ್ತೆ ಇನ್ಶೂರೆನ್ಸ್‌ನವರ ಹತ್ರ ಕೇಳಿ. ಬಿಲ್ ಇಟ್ಕೊಳ್ಳಿ, ಹಳೇ ಹಬ್ ಗುಜರಿಗೆ ಹಾಕ್ಬೇಡಿ. ನಾವು ಎರಡೂ ಮಾಡಿದ್ದೀವಿ.

ನನ್ನ ವಾದ ಇಷ್ಟೇ: ದುಡಿಯೋ ಗಾಡಿಗೆ ಮೊದಲ ದುಡ್ಡು ಹಾಕಬೇಕಾದ್ದು ಫೋಟೋದಲ್ಲಿ ಕಾಣದ ಜಾಗಕ್ಕೆ. ಬೇರಿಂಗು, ಸೀಲು, ಹಬ್ಬು, ಹಲ್ಲಿರೋ ಟೈರು.

ಭಾಗ 7/8

ಇದನ್ನ ಸೇವ್ ಮಾಡ್ಕೊಳ್ಳಿ. ಅಣ್ಣ ಹೇಳಿದ್ದು, ಮತ್ತೆ ನಾವು ಇಷ್ಟು ತಿಂಗಳಲ್ಲಿ ಕಲಿತದ್ದು.

1. ತಗೊಳ್ಳೋ ಮುಂಚೆ ಆಕ್ಸಲ್ ಶಾಫ್ಟ್‌ನ ಸ್ಪ್ಲೈನ್ ಹಲ್ಲು ಎಣಿಸಿ, ಬೋಲ್ಟ್ ತೂತು ತಾಳೆ ನೋಡಿ. "ಎಲ್ಲಾ ಗಾಡಿಗೂ ಆಗುತ್ತೆ" ಅನ್ನೋ ಅಂಗಡಿಯವರ ಮಾತು ನಂಬ್ಬೇಡಿ.

2. ಹಬ್ ಹಾಕುವಾಗ ವೀಲ್ ಬೇರಿಂಗ್ ನಟ್ ಬಿಗಿ ಸರಿ ಇರಬೇಕು. ಜಾಸ್ತಿ ಬಿಗಿ ಆದ್ರೆ ಕಾಯುತ್ತೆ, ಸಡಿಲ ಆದ್ರೆ ಚಕ್ರ ಅಲ್ಲಾಡುತ್ತೆ. ನಾವು ತುಮಕೂರಿಂದ ಗುಬ್ಬಿಗೆ ಬಂದು, ಅಂದ್ರೆ ಸುಮಾರು 20 ಕಿ.ಮೀ. ಓಡಿಸಿ, ಎರಡೂ ಹಬ್ ಹತ್ರ ಹುಷಾರಾಗಿ ಕೈ ಇಟ್ಟು ನೋಡಿದ್ವಿ. ಒಂದು ಕಡೆ ಕೈ ಇಡೋಕಾಗದಷ್ಟು ಬಿಸಿ ಇದ್ರೆ ವಾಪಸ್ ಗ್ಯಾರೇಜ್.

3. ಬೇರಿಂಗ್‌ಗೆ ಗ್ರೀಸ್ ತುಂಬಿ. ಡಯಲ್ ಇರೋ ಕ್ಲಚ್ ಭಾಗಕ್ಕೆ ತೆಳ್ಳಗೆ ಸವರಿದ್ರೆ ಸಾಕು. ಅಲ್ಲೂ ತುಂಬಿದ್ರೆ ಡಯಲ್ ತಿರುಗಲ್ಲ.

4. ಡಯಲ್ ಕೈಯಲ್ಲೇ ತಿರುಗಿಸಿ. ಕಟಿಂಗ್ ಪ್ಲೇಯರ್, ಸ್ಪ್ಯಾನರ್ ಬೇಡ. ತಿರುಗದಿದ್ರೆ ಗಾಡಿ ಒಂದಡಿ ಹಿಂದೆ ಮುಂದೆ ಮಾಡಿ, ಹಲ್ಲು ಕೂರುತ್ತೆ.

5. ಎರಡೂ ಕಡೆ ಒಂದೇ ಥರ ಇರಬೇಕು. ಒಂದು ಲಾಕ್ ಒಂದು ಫ್ರೀ ಅಂದ್ರೆ ಭಾಗ 2ರ ಕಥೆನೇ.

6. ಕೆಸರಿಗೆ ಇಳಿಯೋ ಮುಂಚೆ ಲಾಕ್ ಮಾಡಿ. ಇಳಿದ ಮೇಲೆ ಡಯಲ್ಲೇ ಕೆಸರಿನೊಳಗೆ ಇರುತ್ತೆ. ಅನುಭವ.

7. ಹಬ್ ಲಾಕ್ ಇದ್ದು 2ಎಚ್‌ನಲ್ಲಿ ಟಾರ್ ರೋಡಲ್ಲಿ ಓಡಿಸಿದ್ರೆ ತೊಂದರೆ ಇಲ್ಲ, ಸ್ವಲ್ಪ ಎಳೆತ ಅಷ್ಟೇ. ಮಳೆಗಾಲದಲ್ಲಿ ದಿನಾ ಇಳಿಯೋಕೆ ಬೇಜಾರಾದ್ರೆ ಲಾಕ್‌ನಲ್ಲೇ ಬಿಡಿ. 4ಎಚ್ ಮಾತ್ರ ಒಣ ಟಾರ್‌ನಲ್ಲಿ ಬೇಡ.

8. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಲಾಕ್ ಮಾಡಿ ನಾಲ್ಕೈದು ಕಿ.ಮೀ. ಓಡಿಸಿ. ಮುಂದಿನ ಡಿಫರೆನ್ಷಿಯಲ್‌ನ ಎಣ್ಣೆ ಎಲ್ಲಾ ಕಡೆ ಹರಿಯಲಿ.

9. ಹಬ್ ಮುಳುಗೋಷ್ಟು ನೀರು ದಾಟಿದ್ರೆ ಆಮೇಲೆ ಬಿಚ್ಚಿ ನೋಡಿಸಿ. ಗ್ರೀಸು ಹಾಲಿನ ಬಣ್ಣಕ್ಕೆ ತಿರುಗಿದ್ರೆ ನೀರು ಹೋಗಿದೆ.

10. ಫೋರ್ ವೀಲ್ ಮುಂದೆ ಹೋಗೋಕೆ ಸಹಾಯ ಮಾಡುತ್ತೆ. ಬ್ರೇಕ್ ಅದೇ ಹಳೇ ಬ್ರೇಕು.

ಭಾಗ 8/8 (ಕೊನೆಯದು)

ನನ್ನ ವಿರುದ್ಧ ಇರೋ ಮಾತುಗಳನ್ನೂ ಹೇಳಿ ಮುಗಿಸ್ತೀನಿ.

ಮೊದಲನೆಯದು ಅಮ್ಮಂದು. "ನಿಮ್ಮಪ್ಪನಿಗೆ ಮಂಡಿ ನೋವು. ಮಳೆಯಲ್ಲಿ ಇಳಿದು ಎರಡು ಕಡೆ ಬಗ್ಗಿ ತಿರುಗಿಸು ಅಂತೀಯಲ್ಲ, ನೀನು ತುಮಕೂರಲ್ಲಿ ಆರಾಮಾಗಿರ್ತೀಯ." ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಅದಕ್ಕೇ ಮಳೆಗಾಲ ಪೂರ್ತಿ ಲಾಕ್‌ನಲ್ಲೇ ಬಿಡೋಣ, ಮಳೆ ಮುಗಿದ ಮೇಲೆ ನಾನು ಬಂದು ಫ್ರೀ ಮಾಡ್ತೀನಿ ಅಂತ ಒಪ್ಪಂದ ಆಯ್ತು. ಮಂಡಿ ನೋವಿರೋರು, ಸಂಬಳದ ಡ್ರೈವರ್ ಇಟ್ಟಿರೋರು ಇದನ್ನ ಯೋಚಿಸಿ. ಮರೆಯೋ ಡ್ರೈವರ್ ಕೈಗೆ ಮ್ಯಾನುವಲ್ ಹಬ್ ಕೊಟ್ರೆ ಅದು ಕೆಟ್ಟ ಆಟೋ ಹಬ್‌ಗಿಂತ ಕಡೆ.

ಎರಡನೆಯದು ಕುಣಿಗಲ್ ಮಾವಂದು. "ಅಳಿಯಾ, ದಾರಿ ಸರಿ ಮಾಡ್ಸಿದ್ರೆ ಈ ಹಬ್ಬೂ ಬೇಡ, ಫೋರ್ ವೀಲೂ ಬೇಡ." ಮಾವ ಹೇಳಿದ್ದೇ ಸರಿ. ಉದ್ಯೋಗ ಖಾತ್ರಿ ಜೊತೆ ಸೇರಿಸಿ "ನಮ್ಮ ಹೊಲ ನಮ್ಮ ದಾರಿ" ಅಂತ ಮಾಡಿದ್ದು ಇದಕ್ಕೇ ಅಲ್ವಾ? ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು, ನಮಗೆಲ್ಲಾ ಹೆಮ್ಮೆ. ಹೆಲಿಕಾಪ್ಟರ್ ಮಾಡೋ ತಾಲ್ಲೂಕಿನಲ್ಲಿ ಎಳನೀರು ಗಾಡಿ ತೋಟದಿಂದ ಮೇನ್ ರೋಡಿಗೆ ಬರೋಕೆ ಟ್ರ್ಯಾಕ್ಟರ್ ಬೇಕು. ಒಬ್ಬೊಬ್ಬ ರೈತನೂ ತನ್ನ ಜೇಬಿಂದ 20,000 ಹಾಕಿ ಚಕ್ರ ಸರಿ ಮಾಡ್ಕೊಳ್ಳೋದಕ್ಕಿಂತ, ಇಪ್ಪತ್ತು ತೋಟಕ್ಕೆ ಒಂದು ಗಟ್ಟಿ ದಾರಿ ಅಗ್ಗ. ಇದು ಕಾಸ್ಟ್ ಅಕೌಂಟಿಂಗ್ ಮೊದಲ ಸೆಮಿಸ್ಟರ್ ಪಾಠ. ದಾರಿಗೆ ಅರ್ಜಿ ಹಾಕಿದ್ದೀವಿ. ನೀವೂ ನಿಮ್ಮ ಪಂಚಾಯ್ತಿಯಲ್ಲಿ ಹಾಕಿ. ಆದ್ರೆ ಮಳೆ ಅರ್ಜಿಗೆ ಕಾಯಲ್ಲ. ದಾರಿ ಬರೋವರೆಗೂ ಅಪ್ಪ ಅದೇ ದಾರೀಲಿ ಬರಬೇಕು.

ಹೋದ ವಾರ ಮತ್ತೆ ಜೋರು ಮಳೆ. ರಾತ್ರಿ ಹತ್ತಕ್ಕೆ ಅಪ್ಪನಿಂದ ಒಂದು ಫೋಟೋ ಬಂತು. ಮಸುಕು ಮಸುಕು, ಅರ್ಧ ಅಪ್ಪನ ಬೆರಳೇ ಕಾಣ್ತಿದೆ, ಟಾರ್ಚ್ ಬೆಳಕಲ್ಲಿ ಕೆಸರು ಮೆತ್ತಿದ ಡಯಲ್ಲು. ಬಾಣದ ಗುರುತು ಲಾಕ್ ಕಡೆ. ಕೆಳಗೆ ಒಂದು ವಾಯ್ಸ್ ಮೆಸೇಜ್: "ನೋಡ್ಕೊಂಡೆ ಮಗಾ. ಹೊರಟೆ."

ಹತ್ತೂ ಇಪ್ಪತ್ತೈದಕ್ಕೆ ಮೇನ್ ರೋಡಿಗೆ ಬಂದ್ರು. ಕೊನೆಯ ಫೋಟೋ ಅದೇ. ಚೆನ್ನಾಗಿ ಬಂದಿಲ್ಲ, ಆದ್ರೂ ಹಾಕಿದ್ದೀನಿ.

ನಿಮ್ಮ ಗಾಡಿಯ ಹಬ್ ಕೊನೆಗೆ ಯಾವಾಗ ಬಿಚ್ಚಿ ಗ್ರೀಸ್ ಹಾಕ್ಸಿದ್ರಿ? ಕಾಮೆಂಟ್‌ನಲ್ಲಿ ಹೇಳಿ. "ಗೊತ್ತಿಲ್ಲ" ಅನ್ನೋದು ನಿಮ್ಮ ಉತ್ತರ ಆಗಿದ್ರೆ, ಈ ಭಾನುವಾರ ದುರ್ಗಕ್ಕೆ ಹೋಗ್ಬೇಡಿ, ಗ್ಯಾರೇಜಿಗೆ ಹೋಗಿ.

#ತುಮಕೂರು #ಗುಬ್ಬಿ #ಕುಣಿಗಲ್ #ಪಿಕಪ್ #ಫೋರ್‌ಬೈಫೋರ್ #ಎಳನೀರು #ನಮ್ಮಹೊಲನಮ್ಮದಾರಿ